ಹಗ್ಗದಂಗಡಿ ಕಾಕಾನನ್ನು ಕೇಳಿ: ಮೊದಲು ಬಾರು, ಆಮೇಲೆ ಗಂಟು

ಹೋದ ಸಂಚಿಕೆಯ ಈ ಅಂಕಣದಲ್ಲಿ ಒಂದು ಬೊಸಾಲ್ ಚಿತ್ರ ಹಾಕಿದ್ದೆವು. ಕ್ಯಾಲಿಫೋರ್ನಿಯಾ ಕಡೆಯ ಕೌಬಾಯ್‌ಗಳು ಎಳೆ ಕುದುರೆಯನ್ನು ಪಳಗಿಸುವಾಗ ಅದರ ಬಾಯಿಗೆ ಕಬ್ಬಿಣದ ಕಡಿವಾಣ ಹಾಕುವುದಿಲ್ಲ. ಮೂಗಿನ ಮೇಲೆ ತೊಗಲಿನ ಬಾರು ಹೆಣೆದು ಮಾಡಿದ ಬಳೆಯೊಂದನ್ನು ಕೂರಿಸುತ್ತಾರೆ. ಅದೇ ಬೊಸಾಲ್. ಅದರ ಮೇಲಿನ ಚಿತ್ತಾರದ ಗಂಟು ನೋಡಿ ಪತ್ರ ಬರೆದವರು ಬಹಳ ಜನ. ನಮ್ಮ ಗದಗಿನ ಅಂಗಡಿಗೇ ಬಂದು ಕೇಳಿದವರೂ ಇದ್ದಾರೆ. ಎತ್ತಿನ ಹಗ್ಗ, ಗೆಜ್ಜೆಸರ ಮಾರುವ ಅಂಗಡಿಯಲ್ಲಿ ಕೌಬಾಯ್ ವಿಚಾರ ಕೇಳಲು ಗಿರಾಕಿ ಬರುತ್ತಾರೆ ಅಂತ ನಮ್ಮ ಅಪ್ಪ ಅಂದುಕೊಂಡೇ ಇರಲಿಲ್ಲ ಬಿಡಿ.

ಹೊಸಬರಿಗಾಗಿ ಒಂದು ಮಾತು. ಇಲ್ಲಿ ಹಸಿತೊಗಲು ಅಂದರೆ ಹದ ಮಾಡದ ತೊಗಲು. ಕೂದಲು ತೆಗೆದು, ಬಿಗಿದು ಒಣಗಿಸಿದ್ದು, ಅಷ್ಟೇ. ಚಪ್ಪಲಿಯ ತೊಗಲು ಹಾಗಲ್ಲ, ಅದು ಹದ ಮಾಡಿದ್ದು. ಹಸಿತೊಗಲು ನೆನೆದರೆ ಮೆತ್ತಗಾಗುತ್ತದೆ, ಒಣಗಿದರೆ ಕಟ್ಟಿಗೆಯಾಗುತ್ತದೆ. ಹುಬ್ಬಳ್ಳಿಯಲ್ಲಿ ಹೋಳಿಗೆ ಬಾರಿಸುವ ಜಗ್ಗಲಿಗೆ ನೋಡಿದ್ದೀರಲ್ವಾ? ಚಕ್ಕಡಿ ಗಾಲಿಗೆ ಬಿಗಿದ ಆ ಎಮ್ಮೆ ತೊಗಲು ಇದೇ ಜಾತಿಯದು.

ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಗಂಟಿನ ಬಗ್ಗೆ ಇವೆ. ನನ್ನ ಉತ್ತರ ಮಾತ್ರ ತಿರುಗಿ ತಿರುಗಿ ಬಾರಿನ ಬಳಿಗೇ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕಾಕಾ, ನಾನು ಎಂಜಿನಿಯರಿಂಗ್ ಎರಡನೇ ವರ್ಷ. ವಿಡಿಯೊ ನೋಡಿ ಕೌಬಾಯ್ ಗಂಟಿನ ಹುಚ್ಚು ಹಿಡಿದಿದೆ. ತೊಗಲು ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ಟೂಲ್ ಸೆಟ್ ನೋಡಿದ್ದೇನೆ, ತರಿಸಲಾ? (ಓದುಗ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ರೊಕ್ಕ ಕಿಸೆಯಲ್ಲೇ ಇರಲಿ ತಮ್ಮಾ. ದುರ್ಗದಬೈಲಿಗೆ ಹೋಗಿ ವೈರ್ ಬುಟ್ಟಿ ಹೆಣೆಯುವ ಪ್ಲಾಸ್ಟಿಕ್ ವೈರು ತಗೋ, ಎರಡು ಬಣ್ಣದ್ದು. ಅದು ಚಪ್ಪಟೆ ಇರುವುದೇ ನಮಗೆ ಬೇಕಾದ ಗುಣ. ಗುಂಡು ಹುರಿ ನಡುವೆ ತಿರುಚಿಕೊಂಡರೂ ಕಣ್ಣಿಗೆ ಬೀಳುವುದಿಲ್ಲ. ಚಪ್ಪಟೆ ವೈರು ಮಗುಚಿದರೆ ತಕ್ಷಣ ಗೊತ್ತಾಗುತ್ತದೆ. ತೊಗಲಿನ ಬಾರಿಗೂ ಮೇಲು ಮಗ್ಗುಲು, ಒಳ ಮಗ್ಗುಲು ಇದೆ. ಕೂದಲಿದ್ದ ಮಗ್ಗುಲು ಯಾವಾಗಲೂ ಹೊರಗೆ. ಆ ರೂಢಿ ಪ್ಲಾಸ್ಟಿಕ್‌ನಲ್ಲೇ ಬರಲಿ.

ಒಂದು ಇಂಚು ದಪ್ಪದ ಗುಂಡು ಕಟ್ಟಿಗೆ ಬೇಕು. ಮುರಿದ ಸಲಿಕೆಯ ಕಾವು ನಡೆಯುತ್ತದೆ. ಅದಕ್ಕೆ ಕಾಗದ ಸುತ್ತಿ ಅಂಟಿಸು. ಕೆಳಗೆ ಸುತ್ತಲೂ ಸಮ ಅಂತರದಲ್ಲಿ 5 ಗುಂಡುಸೂಜಿ ಚುಚ್ಚು. ಅದಕ್ಕಿಂತ ಒಂದು ಇಂಚು ಮೇಲೆ ಇನ್ನೂ 5. ಮೇಲಿನ ಸೂಜಿಗಳು ಕೆಳಗಿನವುಗಳ ನೇರಕ್ಕೆ ಬೇಡ, ಎರಡರ ನಡುವೆ ಬರಲಿ. ಕೆಳಗಿನ ಸೂಜಿಗಳಿಗೆ 1ರಿಂದ 5 ಅಂತ ನಂಬರು ಬರೆ.

ವೈರನ್ನು 1ನೇ ಸೂಜಿಯಿಂದ ಓರೆಯಾಗಿ ಮೇಲಕ್ಕೆ ಒಯ್ಯಿ. 2 ಮತ್ತು 3ರ ನಡುವಿನ ಮೇಲಿನ ಸೂಜಿಗೆ ಸುತ್ತಿಸಿ, ಅದೇ ದಿಕ್ಕಿನಲ್ಲಿ ತಿರುಗುತ್ತಾ 4ನೇ ಸೂಜಿಗೆ ಇಳಿಸು. ಮುಂದೆ ಇದೇ ಲೆಕ್ಕ. 4ರಿಂದ 2ಕ್ಕೆ, 2ರಿಂದ 5ಕ್ಕೆ, 5ರಿಂದ 3ಕ್ಕೆ, 3ರಿಂದ ಮತ್ತೆ 1ಕ್ಕೆ. ಎಲ್ಲ ಸೂಜಿಗೂ ಒಂದೊಂದು ಸಲ ಹೋಗಿ ಮನೆಗೆ ಬಂದಿರುತ್ತೀಯ.

ಯಾವುದು ಮೇಲೆ, ಯಾವುದು ಕೆಳಗೆ? ವೈರು ಅಡ್ಡ ಹಾಯುವ ಜಾಗಗಳು ಎರಡು ಸಾಲಾಗಿ ಬರುತ್ತವೆ. ಕೆಳಗಿನ ಸಾಲಿನಲ್ಲಿ ಏರುವ ವೈರು ಮೇಲೆ ಇರಬೇಕು. ಮೇಲಿನ ಸಾಲಿನಲ್ಲಿ ಇಳಿಯುವ ವೈರು ಮೇಲೆ ಇರಬೇಕು. ಇಷ್ಟು ನೆನಪಿಟ್ಟರೆ ಒಂದು ಮೇಲೆ, ಒಂದು ಕೆಳಗೆ ತಾನಾಗಿಯೇ ಬರುತ್ತದೆ. ಮುಗಿದ ಮೇಲೆ ಸೂಜಿ ಕಿತ್ತು ನೋಡು. ನಿಮ್ಮ ಅವ್ವ ಹೆಣೆಯುವ ಮೂರು ಕಾಲಿನ ಜಡೆ ಉಂಗುರದ ಹಾಗೆ ಕೂಡಿಕೊಂಡಿರುತ್ತದೆ. ಇದಕ್ಕೆ ಟರ್ಕ್ಸ್ ಹೆಡ್ ಅನ್ನುತ್ತಾರೆ. ಇದು 3 ಎಳೆ, 5 ಮಡಿಕೆಯದು. ಜಡೆಯ ಕಾಲು ಅಂದರೆ ಎಳೆ, ಅಂಚಿನಲ್ಲಿ ಸೂಜಿ ಸುತ್ತಿ ತಿರುಗುವ ಜಾಗ ಅಂದರೆ ಮಡಿಕೆ. ಅದೇ ದಾರಿಯಲ್ಲಿ ವೈರನ್ನು ಪಕ್ಕಪಕ್ಕದಲ್ಲೇ ಇನ್ನೊಂದು ಸುತ್ತು ಓಡಿಸಿದರೆ ಕಟ್ಟಿಗೆ ಮುಚ್ಚಿ ಗಂಟು ತುಂಬಿಕೊಳ್ಳುತ್ತದೆ. ಎರಡೂ ಸುತ್ತಿಗೆ ಸೇರಿ ಒಂದು ಗಜ ವೈರು ಸಾಕು.

ಟೂಲ್ ಸೆಟ್ ಬೇಡ. ಗೋಣಿಚೀಲ ಹೊಲಿಯುವ ದಬ್ಬಣ ಒಂದಿದ್ದರೆ ಆಯಿತು. ಅದರ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡು. ಎಳೆ ಎತ್ತಬೇಕು, ಚುಚ್ಚಬಾರದು. ಸೂಜಿ ಇಲ್ಲದೆ, ಕಾಗದ ಇಲ್ಲದೆ, ಟಿವಿ ನೋಡುತ್ತಾ ಈ ಗಂಟು ಹಾಕುವಂತಾದ ಮೇಲೆ ತೊಗಲಿನ ಮಾತು.

ಪ್ರಶ್ನೆ: ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು. 3 ಎಳೆ 5 ಮಡಿಕೆ ಬಂತು. 5 ಎಳೆ 4 ಮಡಿಕೆಯೂ ಬಂತು. ಮಡಿಕೆ ಹೆಚ್ಚಲಿ ಅಂತ 4 ಎಳೆ 6 ಮಡಿಕೆ ಹಾಕಲು ಹೋದರೆ ನಡುವೆಯೇ ಬಾರು ಮೊದಲ ಜಾಗಕ್ಕೆ ಬಂದು ನಿಲ್ಲುತ್ತದೆ. ಅರ್ಧ ಸೂಜಿಗಳು ಖಾಲಿ ಉಳಿಯುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ? (ಓದುಗರು, ರಾಣೆಬೆನ್ನೂರು)

ಉತ್ತರ: ಎಲ್ಲೂ ತಪ್ಪಿಲ್ಲ ಸರ್. ನಿಮ್ಮ ಪಾಠದ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಇಲ್ಲಿ ಬಂದು ಕೂತಿದೆ. ಎಳೆಯ ಸಂಖ್ಯೆಗೂ ಮಡಿಕೆಯ ಸಂಖ್ಯೆಗೂ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. ಇದ್ದರೆ ಒಂದೇ ಬಾರಿನಲ್ಲಿ ಗಂಟು ಮುಗಿಯುವುದಿಲ್ಲ. ಯಾಕೆ ಅಂದರೆ, ಬಾರು ಒಮ್ಮೆ ಏರಿ ಇಳಿದಾಗ ಎಳೆಯ ಸಂಖ್ಯೆಯಷ್ಟು ಸೂಜಿ ಮುಂದೆ ಹೋಗುತ್ತದೆ. 6 ಸೂಜಿಯ ಸುತ್ತಿನಲ್ಲಿ 4, 4 ಹೆಜ್ಜೆ ಹಾಕಿದರೆ 1, 5, 3, ಮತ್ತೆ 1. ಮುಗಿಯಿತು. 2, 4, 6ಕ್ಕೆ ಅದು ಹೋಗುವುದೇ ಇಲ್ಲ.

ಆದರೆ ಇದನ್ನು ಬಿಡಬೇಡಿ. 4 ಮತ್ತು 6ರ ಮ.ಸಾ.ಅ. 2. ಅಂದರೆ ಎರಡು ಬಾರು ಬೇಕು. ಖಾಲಿ ಉಳಿದ ಸೂಜಿಗಳಿಗೆ ಬೇರೆ ಬಣ್ಣದ ಬಾರು ಹಾಕಿ. ಬಣ್ಣ ಹಾಕಲು ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಇನ್ನೊಂದು ವಿಷಯ ನಿಮ್ಮ ಮಕ್ಕಳಿಗೆ ಹೇಳಿಕೊಡಬಹುದು. ಎಳೆ ಬೆಸ ಇದ್ದರೆ ಮೇಲಿನ ಸೂಜಿಗಳು ಕೆಳಗಿನವುಗಳ ನಡುವೆ ಬರಬೇಕು, ಸಮ ಇದ್ದರೆ ನೇರಕ್ಕೆ ಬರಬೇಕು. ಯಾಕೆ ಅಂತ ಅವರೇ ಕಂಡುಹಿಡಿಯಲಿ.

ಪ್ರಶ್ನೆ: ನಾನು ಕಸೂತಿ ಮಾಡುವವಳು. ಲೆಕ್ಕ ತಪ್ಪುವುದಿಲ್ಲ, ಕೈ ಕೂಡ ಗಟ್ಟಿ ಇದೆ. ಮೇಕೆ ತೊಗಲಿನ ಬಾರಿನಲ್ಲಿ ಗಂಟು ಹಾಕಿದಾಗ ಸಂದಿಯೇ ಕಾಣದಷ್ಟು ಬಿಗಿ ಇರುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಎಳೆಗಳ ನಡುವೆ ಬೆಳಕು ಕಾಣುತ್ತದೆ, ಗಂಟು ಕೋಲಿನ ಮೇಲೆ ಗಿರಗಿರ ತಿರುಗುತ್ತದೆ. ಇನ್ನೂ ಜೋರಾಗಿ ಎಳೆಯಬೇಕಾ ಕಾಕಾರೆ? (ಓದುಗರು, ಧಾರವಾಡ)

ಉತ್ತರ: ಎಳೆಯಬೇಡಿ ತಂಗಿ. ಜೋರಾಗಿ ಎಳೆದಷ್ಟೂ ಜಾಸ್ತಿ ಬೆಳಕು ಕಾಣುತ್ತದೆ. ನಿಮ್ಮ ಬಾರಿನಲ್ಲಿ ನೀರು ಜಾಸ್ತಿ ಇದೆ. ಈ ಕೆಲಸದಲ್ಲಿ ಕಲಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಇದೇ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಹಸಿತೊಗಲು ನೀರು ಕುಡಿದಾಗ ಉಬ್ಬುತ್ತದೆ. ಅಗಲವೂ ಆಗುತ್ತದೆ, ದಪ್ಪವೂ ಆಗುತ್ತದೆ. ಆ ಹೊತ್ತಿನಲ್ಲಿ ಹೆಣೆದರೆ ಸಂದಿ ತುಂಬಿರುವುದು ನೀರಿನಿಂದ. ನೀರು ಹೋದ ಮೇಲೆ ಬಾರು ತೆಳ್ಳಗಾಗಿ, ಕಿರಿದಾಗಿ ಕೂರುತ್ತದೆ. ಮೇಲಾಗಿ, ಪೂರ್ತಿ ನೆನೆದ ಬಾರು ಎಳೆದರೆ ಜಗ್ಗಿಕೊಂಡು ಬರುತ್ತದೆ. ಬಿಗಿ ಆಯಿತು ಅಂತ ನಮಗೆ ಅನಿಸುತ್ತದೆ, ಆದರೆ ಬಾರು ಸಣ್ಣಗಾಗಿರುತ್ತದೆ ಅಷ್ಟೇ. ಇನ್ನು ತೀರಾ ಒಣಗಿದ ಬಾರು ಮಡಿಕೆಯಲ್ಲಿ ಸೀಳುತ್ತದೆ, ಅಂಚು ಬಿಳಿಚಿಕೊಳ್ಳುತ್ತದೆ. ಇವೆರಡರ ನಡುವೆ ಒಂದು ಹದ ಇದೆ. ಒಳಗೆ ತಂಪು, ಹೊರಗೆ ಒಣ.

ಅದನ್ನು ಹಿಡಿಯುವುದು ಹೀಗೆ. ಬಾರನ್ನು ನೀರಿನಲ್ಲಿ ಮೆತ್ತಗಾಗುವಷ್ಟು ಮಾತ್ರ ನೆನೆಸಿ ತೆಗೆಯಿರಿ. ಮೇಲಿನ ನೀರು ಒರೆಸಿ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿ ಇಡಿ. ಹೊರಗಿನ ತೇವ ಒಳಗೆ ಹೋಗಿ ಎಲ್ಲ ಕಡೆ ಸಮ ಆಗುತ್ತದೆ. ಬೆಳಿಗ್ಗೆ ಬಿಚ್ಚಿ ಗಾಳಿಗೆ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗೆ ಅನಿಸಬೇಕು, ಒದ್ದೆ ಅನಿಸಬಾರದು. ಮಡಿಚಿ ಚಿವುಟಿದರೆ ಮಡಿಕೆಯಲ್ಲಿ ನೀರು ಮಿನುಗಬಾರದು. ಮಿನುಗಿದರೆ ಇನ್ನೂ ಕಾಯಿರಿ.

ಎಷ್ಟು ಹೊತ್ತು ಕಾಯಬೇಕು ಅಂತ ಮಾತ್ರ ಕೇಳಬೇಡಿ. ನಿಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಾರು ಅರ್ಧ ದಿನವಾದರೂ ಹದಕ್ಕೆ ಬರುವುದಿಲ್ಲ. ನಮ್ಮಲ್ಲಿ ಕಪ್ಪತಗುಡ್ಡದ ಕಡೆಯ ಗಾಳಿ ಬೀಸುವಾಗ ಚಹಾ ಕುಡಿದು ಬರುವಷ್ಟರಲ್ಲಿ ಹದ ದಾಟಿರುತ್ತದೆ. ಗಡಿಯಾರ ನೋಡಿ ಹೆಣೆಯುವವರಿಗೆ ಈ ತೊಗಲು ಒಗ್ಗುವುದಿಲ್ಲ.

ಸಾಬೂನು ಬಳಸುತ್ತಿದ್ದೀರಾ? ಪತ್ರದಲ್ಲಿ ಬರೆದಿಲ್ಲ. ಅಮೆರಿಕದವರು ಜೀನಿಗೆ ಹಚ್ಚುವ ಸ್ಯಾಡಲ್ ಸೋಪನ್ನು ಬಾರಿಗೆ ಉಜ್ಜುತ್ತಾರೆ. ನಮಗೆ ಸಾದಾ ಗ್ಲಿಸರಿನ್ ಸಾಬೂನು ಸಾಕು. ಬಟ್ಟೆ ಸೋಪು, ಪುಡಿ ಬೇಡ. ಸಾಬೂನು ಹಚ್ಚಿದ ಬಾರು ಜಾರುತ್ತದೆ, ಕಡಿಮೆ ತೇವದಲ್ಲೂ ಬಾಗುತ್ತದೆ. ಜಾರಿಸುವುದಕ್ಕಾಗಿ ನೀರು ಹಾಕುವ ಚಾಳಿ ಅದರಿಂದ ತಪ್ಪುತ್ತದೆ.

ಬಿಗಿಯುವುದನ್ನು ಒಂದೇ ಸಲಕ್ಕೆ ಮಾಡಬೇಡಿ. ಮೊದಲು ಸಡಿಲವಾಗಿ ಪೂರ್ತಿ ಗಂಟು ಹಾಕಿ. ಆಮೇಲೆ ದಬ್ಬಣದಿಂದ ಎಳೆ ಎತ್ತುತ್ತಾ, ಬಾರು ಓಡಿದ ದಾರಿಯಲ್ಲೇ ಸಡಿಲು ತೆಗೆಯುತ್ತಾ ಹೋಗಿ. ಒಂದು ಸುತ್ತು ಆದ ಮೇಲೆ ಮತ್ತೊಂದು ಸುತ್ತು. ಕೊನೆಗೆ ಎರಡು ನುಣುಪಾದ ಹಲಗೆ ನಡುವೆ ಇಟ್ಟು ಉರುಳಿಸಿ. ಎಳೆಗಳು ತಮ್ಮ ಜಾಗ ಹುಡುಕಿಕೊಂಡು ಕೂರುತ್ತವೆ. ನೆರಳಲ್ಲಿ ಒಣಗಿಸಿ.

ಗಿರಗಿರ ತಿರುಗುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಬರೀ ಕೋಲಿನ ಮೇಲೆ ಗಂಟು ಕೂರಿಸಿದ್ದೀರಿ ಅನಿಸುತ್ತದೆ. ಅಡಿಯಲ್ಲಿ ಹಿಡಿತಕ್ಕೆ ಏನಾದರೂ ಬೇಕು. ಚಪ್ಪಲಿ ತೊಗಲಿನ ತೆಳು ಪಟ್ಟಿ ಸುತ್ತಿ ಹೊಲಿಯಿರಿ, ಇಲ್ಲವೇ ಹತ್ತಿ ದಾರ ಬಿಗಿಯಾಗಿ ಸುತ್ತಿ. ಈ ದಿಂಬಿನ ನಡುವೆ ಸ್ವಲ್ಪ ಉಬ್ಬು ಇರಲಿ. ಚಪ್ಪಟೆ ದಿಂಬಿನ ಮೇಲೆ ಗಂಟು ಎಷ್ಟು ಚಂದ ಹಾಕಿದರೂ ಸೊರಗಿದ ಹಾಗೆ ಕಾಣುತ್ತದೆ.

ಪ್ರಶ್ನೆ: ಒಳ್ಳೆಯ ಬಾರು ಎಲ್ಲಿಂದ ತರುವುದು? ನಮ್ಮ ಊರಲ್ಲಿ ತಬಲಾ ರಿಪೇರಿ ಮಾಡುವವರ ಹತ್ತಿರ ತೊಗಲಿನ ಬಾರು ಇದೆ. ಅದು ನಡೆಯುತ್ತಾ? ನಾಯಿಗೆ ಕಚ್ಚಲು ಕೊಡುವ ತೊಗಲಿನ ಎಲುಬು ನೆನೆಸಿದರೆ ಹಸಿತೊಗಲು ಸಿಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಹೊಲದಲ್ಲಿ ಸತ್ತ ದನದ ತೊಗಲು ತೆಗೆದು ನಾವೇ ಮಾಡಬಹುದಾ? (ಓದುಗರು, ಮುಂಡರಗಿ)

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ಯಾವ ರೋಗದಿಂದ ಸತ್ತಿತು ಅಂತ ಗೊತ್ತಿಲ್ಲದ ದನದ ತೊಗಲಿಗೆ ಕೈ ಹಾಕಬೇಡಿ. ಅಂಥ್ರಾಕ್ಸ್ ಆಗಿದ್ದರೆ ಅದರ ಬೀಜಾಣು ತೊಗಲಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ, ಮನುಷ್ಯರಿಗೂ ಬರುತ್ತದೆ. ಅಂಥ ದನವನ್ನು ಕೊಯ್ಯಲೇಬಾರದು. ಪಶು ವೈದ್ಯರಿಗೆ ತಿಳಿಸಿ. ದನದ ತೊಗಲಿಗೆ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ಲೆಕ್ಕವೂ ಇದೆ. ಕಲಿಯುವವರಿಗೆ ಮೇಕೆ ತೊಗಲೇ ಸಾಕು. ಅದು ತೆಳು, ಸಣ್ಣ ಗಂಟಿಗೆ ಹೇಳಿ ಮಾಡಿಸಿದ್ದು. ಡೊಳ್ಳಿಗೆ, ಹಲಗೆಗೆ ತೊಗಲು ಬಿಗಿಯುವವರ ಹತ್ತಿರ ಕೂದಲು ತೆಗೆದು ಒಣಗಿಸಿದ್ದೇ ಸಿಗುತ್ತದೆ. ಅವರ ಕೈಯಲ್ಲಿ ಇರುವಷ್ಟು ತಿಳಿವಳಿಕೆ ಯಾವ ವಿಡಿಯೊದಲ್ಲೂ ಇಲ್ಲ. ಕೂತು ನೋಡಿ, ಕೇಳಿ. ಚೌಕಾಸಿ ಮಾಡಬೇಡಿ.

ತಬಲಾ ಬಾರು ಬಹಳ ಒಳ್ಳೆಯ ವಿಚಾರ. ಅದು ಹಸಿತೊಗಲೇ. ತಬಲಾದ ಪುಡಿ, ಅಂದರೆ ಬಾರಿಸುವ ಮೇಲ್ತೊಗಲು, ಅದರ ಸುತ್ತ ಹೆಣೆದ ಗಜರಾ ನೋಡಿ. ಅದರ 16 ಮನೆಗಳಲ್ಲಿ ಬಾರು ಹಾಯುತ್ತದೆ. ಆ ಗಜರಾ ಕೂಡ ಬಾರಿನ ಹೆಣಿಗೆಯೇ. ಧಾರವಾಡ, ಹುಬ್ಬಳ್ಳಿಯಲ್ಲಿ ಇಷ್ಟು ಮಂದಿ ತಬಲಾ ಬಾರಿಸುವವರಿದ್ದಾರೆ, ಬಾರಿಗೆ ಕೊರತೆ ಇಲ್ಲ. ಆದರೆ ಆ ಬಾರು ಎಳೆತ ತಡೆಯಲು ಮಾಡಿದ್ದು. ದಪ್ಪ ಜಾಸ್ತಿ, ಒಂದೇ ಸಮನೆಯೂ ಇರುವುದಿಲ್ಲ, ಉದ್ದ ಬರಲಿ ಅಂತ ನಡುನಡುವೆ ಸೀಳಿ ಜೋಡಿಸಿರುತ್ತಾರೆ. ಗಂಟಿಗೆ ಬೇಕಾದರೆ ನೆನೆಸಿ, ಉದ್ದಕ್ಕೆ ಸೀಳಿ, ದಪ್ಪ ಇಳಿಸಬೇಕು. ಗಂಟಿನ ಬಾರು 2 ಅಥವಾ 3 ಮಿಲಿಮೀಟರ್ ಅಗಲ ಇದ್ದರೆ ಚಂದ.

ನಾಯಿ ಎಲುಬು? ನೆನೆಸಿದರೆ ಬಿಚ್ಚಿಕೊಳ್ಳುತ್ತದೆ, ಹಾಳೆ ಸಿಗುತ್ತದೆ, ನಿಜ. ಒಂದು ಕಡೆ ದಪ್ಪ, ಒಂದು ಕಡೆ ಜಾಳು ಇರುತ್ತದೆ. ಕೈ ಪಳಗಿಸಲು ಪರವಾಗಿಲ್ಲ. ಯಾರಿಗಾದರೂ ಕೊಡುವ ಸಾಮಾನಿಗೆ ಬೇಡ.

ಹಾಳೆ ಸಿಕ್ಕಿದ ಮೇಲೆ ಉದ್ದನೆಯ ಪಟ್ಟಿ ಕತ್ತರಿಸಲು ಹೋಗಬೇಡಿ. ದುಂಡಗೆ ಬಿಲ್ಲೆ ಕತ್ತರಿಸಿ, ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಕೊಯ್ಯುತ್ತಾ ಬನ್ನಿ. 8 ಇಂಚಿನ ಬಿಲ್ಲೆಯಿಂದ ಕಾಲು ಇಂಚು ಅಗಲದ ಬಾರು ಸುಮಾರು 16 ಅಡಿ ಬರುತ್ತದೆ. ನಂಬಿಕೆ ಇಲ್ಲದಿದ್ದರೆ ರಾಣೆಬೆನ್ನೂರಿನ ಮೇಷ್ಟ್ರನ್ನು ಕೇಳಿ. ಸುರುಳಿಯ ಡೊಂಕು ನೆನೆಸಿ ಜಗ್ಗಿ ಒಣಗಿಸಿದರೆ ಹೋಗುತ್ತದೆ. ಬಿಲ್ಲೆಯನ್ನು ಬೆನ್ನಿನ ಭಾಗದಲ್ಲಿ ತೆಗೆಯಿರಿ. ಹೊಟ್ಟೆಯ ಭಾಗ ಜಗ್ಗುತ್ತದೆ, ಅದನ್ನು ಬಿಟ್ಟುಬಿಡಿ.

ಆಮೇಲೆ ಮೂರು ಕೆಲಸ. ದಪ್ಪ ಒಂದೇ ಸಮ ಮಾಡುವುದು, ಅಗಲ ಒಂದೇ ಸಮ ಮಾಡುವುದು, ಅಂಚಿನ ಮೂಲೆ ಇಳಿಸುವುದು. ಅಗಲಕ್ಕೆ ಸಾಗವಾನಿಯ ಸಣ್ಣ ತುಂಡಿನಲ್ಲಿ ಗೀರು ಹಾಕಿ ಬ್ಲೇಡು ಸಿಕ್ಕಿಸಿ. ಅಂಚಿಗೂ ಬ್ಲೇಡಿಗೂ ಎಷ್ಟು ಅಂತರವೋ ಅಷ್ಟು ಅಗಲದ ಬಾರು ಬರುತ್ತದೆ. ಬಾರನ್ನು ಎಳೆಯಿರಿ, ಬ್ಲೇಡನ್ನು ಓಡಿಸಬೇಡಿ. ದಪ್ಪಕ್ಕೆ ಸಮಗಾರರು ತೊಗಲು ಕೊಯ್ಯುವ ರಂಪಿಗೆಯೇ ಸಾಕು, ಅದನ್ನು ಹಿಡಿಯುವುದು ಅವರಿಂದಲೇ ಕಲಿಯಿರಿ. ಮೂಲೆ ಇಳಿಸುವುದನ್ನು ಹೊಸಬರು ಬಿಟ್ಟೇಬಿಡುತ್ತಾರೆ. ಚೌಕ ಅಂಚಿನ ಬಾರು ಒಂದರ ಪಕ್ಕ ಒಂದು ಕೂರುವುದಿಲ್ಲ, ಎದ್ದು ನಿಲ್ಲುತ್ತದೆ, ಕೈಗೆ ಗೀಚುತ್ತದೆ. ಕ್ಯಾಲಿಫೋರ್ನಿಯಾದ ಲೂಯಿಸ್ ಒರ್ಟೆಗಾ ಅನ್ನುವ ಹೆಣಿಗೆಗಾರರಿಗೆ 1986ರಲ್ಲಿ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು. ಅವರ ಕೆಲಸದ ಫೋಟೊ ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. ಗಂಟುಗಳು ನಿಮಗೆ ಗೊತ್ತಿರುವವೇ ಇರುತ್ತವೆ. ಬಾರು ಮಾತ್ರ ಅಳತೆ ಪಟ್ಟಿ ಇಟ್ಟು ಎಳೆದ ಗೆರೆ.

ಪ್ರಶ್ನೆ: ದೀಪಾವಳಿಗೆ ಹೋರಿ ಬೆದರಿಸುವ ಹಬ್ಬಕ್ಕೆ ನಮ್ಮ ಹೋರಿ ಬಿಡುತ್ತೇವೆ. ಎಲ್ಲರೂ ಬಲೂನು, ಕೊಬ್ಬರಿ ಹಾರ ಕಟ್ಟುತ್ತಾರೆ. ನಮ್ಮದು ಬೇರೆ ಕಾಣಬೇಕು. ಮೂಗುದಾಣಕ್ಕೂ ತಲೆಗೆ ಕಟ್ಟುವ ಮಗಡಕ್ಕೂ ಈ ಕೌಬಾಯ್ ಗಂಟು ಹಾಕಿಕೊಡುತ್ತೀರಾ? (ಓದುಗರು, ಹಾವೇರಿ ತಾಲ್ಲೂಕು)

ಉತ್ತರ: ಮೂಗುದಾಣಕ್ಕೆ ಹಾಕಿಕೊಡುವುದಿಲ್ಲ. ಯಾರಾದರೂ ಹಾಕಿಕೊಡುತ್ತೇನೆ ಅಂದರೂ ಹಾಕಿಸಬೇಡಿ. ಒಣಗಿದ ಹಸಿತೊಗಲಿನ ಅಂಚು ಬಿದಿರಿನ ಸೀಳಿನಷ್ಟು ಚೂಪು. ಮೂಗಿನ ಒಳಗೆ ಹಾಯುವ ಹಗ್ಗ ಮೆತ್ತಗಿರಬೇಕು. ಹಸಿತೊಗಲು ಜೊಲ್ಲು ತಾಗಿ ನೆನೆಯುತ್ತದೆ, ಜಗ್ಗುತ್ತದೆ, ಮತ್ತೆ ಒಣಗಿ ಬಿಗಿಯುತ್ತದೆ. ಹೋರಿ ಓಡುವಾಗ ಅದರ ಸಂಕಟ ಯಾರಿಗೂ ಕಾಣುವುದಿಲ್ಲ.

ಬೊಸಾಲ್ ನೋಡಿ ಆಸೆಯಾಗಿದೆ ಅಂತ ಗೊತ್ತು. ಅದರಲ್ಲಿ ಒಂದು ಗಂಟೂ ಸುಮ್ನೆ ಕೂತಿಲ್ಲ. ಗದ್ದದ ಕೆಳಗೆ ದೊಡ್ಡ ಗಂಟು ಇರುತ್ತದೆ. ಅದು ಭಾರ ಇರಬೇಕು. ಸವಾರ ಲಗಾಮು ಸಡಿಲ ಬಿಟ್ಟ ಕೂಡಲೇ ಆ ಭಾರಕ್ಕೆ ಬಳೆ ಗದ್ದದಿಂದ ದೂರ ಬೀಳುತ್ತದೆ. ಸರಿ ಮಾಡಿದೆ ಅಂತ ಕುದುರೆಗೆ ಹೇಳುವುದು ಅದೇ. ಮೂಗಿನ ಮೇಲಿನ ಉದ್ದ ಗಂಟು ಒತ್ತಡ ಎಲ್ಲಿ ಬೀಳಬೇಕೋ ಅಲ್ಲಿ ಬೀಳಿಸುತ್ತದೆ. ಪಕ್ಕದ ಸಣ್ಣ ಗಂಟುಗಳು ತಲೆಪಟ್ಟಿ ಜಾರದ ಹಾಗೆ ಹಿಡಿಯುತ್ತವೆ. ಎಳೆ ಕುದುರೆಗೆ ಮುಕ್ಕಾಲು ಇಂಚು ದಪ್ಪದ್ದು ಹಾಕಿ, ಅದು ಕಲಿಯುತ್ತಾ ಹೋದ ಹಾಗೆ ತೆಳ್ಳಗಿನದಕ್ಕೆ ಇಳಿಸುತ್ತಾರೆ. ನಿಮ್ಮ ಹೋರಿಗೆ ಈ ಪಾಠ ಯಾವುದೂ ಬೇಕಿಲ್ಲ, ಅಲ್ವಾ?

ಗೆಜ್ಜೆಪಟ್ಟಿಯ ಮೇಲೆ ಹಾಕೋಣ, ಅಲ್ಲಿ ಮೈಗೆ ತಾಗುವುದು ಪಟ್ಟಿ, ಗಂಟಲ್ಲ. ಮಗಡಕ್ಕೆ ಹೊರಗಡೆ ನೇತಾಡುವ ಗೊಂಡೆಯ ಬುಡದಲ್ಲಿ ಎರಡು ಬಣ್ಣದ ಪೈನಾಪಲ್ ಗಂಟು ಹಾಕಬಹುದು. ಒಂದು ಬಾರಿನಲ್ಲಿ ಟರ್ಕ್ಸ್ ಹೆಡ್ ಹಾಕಿ, ಅದರ ಸಂದಿಯಲ್ಲಿ ಇನ್ನೊಂದು ಬಣ್ಣದ ಬಾರು ಓಡಿಸುವುದಕ್ಕೆ ಆ ಹೆಸರು. ದೀಪಾವಳಿಗೆ ಬೇಕಾದರೆ ಗಣೇಶ ಚೌತಿಗೆ ಮೊದಲೇ ಬನ್ನಿ. ಮಳೆಗಾಲದಲ್ಲಿ ಬಾರು ಒಣಗುವುದು ನಿಧಾನ.

ಪ್ರಶ್ನೆ: ಮಗಡ, ಬಾರುಕೋಲು, ಎತ್ತನ್ನು ನೊಗಕ್ಕೆ ಕಟ್ಟುವ ಜತ್ತಿಗೆ ಹೆಣೆಯುವವರೇ ನಮ್ಮಲ್ಲಿ ಇಲ್ಲದಂತಾಗಿದ್ದಾರೆ. ಎಲ್ಲ ಕಡೆ ನೈಲಾನ್ ಬಂದಿದೆ. ಅದನ್ನು ಬಿಟ್ಟು ಪರದೇಶದ ಕೌಬಾಯ್‌ಗಳ ಗಂಟು ಕಲಿಸುವುದು ಯಾವ ನ್ಯಾಯ? (ಓದುಗರು, ಲಕ್ಷ್ಮೇಶ್ವರ)

ಉತ್ತರ: ಸಿಟ್ಟು ಒಪ್ಪುತ್ತೇನೆ ಅಣ್ಣಾರೆ. ನೈಲಾನ್ ನಾನೂ ಮಾರುತ್ತೇನೆ, ಮಾರದಿದ್ದರೆ ಅಂಗಡಿ ನಡೆಯುವುದಿಲ್ಲ. ಆದರೆ ಈ ಹುಡುಗರು ಮಗಡ ಬಿಟ್ಟು ಕೌಬಾಯ್ ಕಡೆ ಹೋದವರಲ್ಲ, ಮೊಬೈಲ್ ಬಿಟ್ಟು ಬಂದವರು. ಬಾರು ಸೀಳಲು, ಹದ ನೋಡಲು ಕಲಿತ ಕೈ ಬಾರುಕೋಲನ್ನೂ ಹೆಣೆಯುತ್ತದೆ.

ಕ್ಯಾಲಿಫೋರ್ನಿಯಾಗೂ ಈ ಹೆಣಿಗೆ ಹೊರಗಿನಿಂದಲೇ ಬಂದದ್ದು. ಸ್ಪೇನಿನವರು 1769ರಿಂದ ಅಲ್ಲಿ ಮಿಷನ್‌ಗಳನ್ನು, ಅಂದರೆ ಕ್ರೈಸ್ತ ಪಾದ್ರಿಗಳ ನೆಲೆಗಳನ್ನು, ಕಟ್ಟುತ್ತಾ ದನಗಳನ್ನು ತಂದರು. ದನ ಕಾಯುವ ವಕೇರೊಗಳು ಮೆಕ್ಸಿಕೊದ ಕಡೆಯಿಂದ ಈ ವಿದ್ಯೆ ತಂದರು. ಅಲ್ಲಿ ಹಣಕ್ಕೆ ಬರ ಇತ್ತು, ತೊಗಲಿಗೆ ಇರಲಿಲ್ಲ. ತೊಗಲು ಕೊಟ್ಟು ಹಡಗಿನವರಿಂದ ಸಾಮಾನು ಕೊಳ್ಳುತ್ತಿದ್ದರು, ಅದಕ್ಕೆ ಕ್ಯಾಲಿಫೋರ್ನಿಯಾದ ನೋಟು ಅನ್ನುವ ಅಡ್ಡಹೆಸರೇ ಬಿತ್ತು. ದನ ಹಿಡಿಯುವ ಹಗ್ಗವೂ ತೊಗಲಿನದೇ. ಅದು ರಿಯಾಟಾ, ಹೆಚ್ಚಾಗಿ ನಾಲ್ಕು ಎಳೆಯದು, 60 ಅಡಿ, ಅದಕ್ಕೂ ಉದ್ದ. ಜೋರಾಗಿ ಜಗ್ಗಿದರೆ ಕಡಿದುಹೋಗುತ್ತದೆ. ಅದಕ್ಕೇ ಜೀನಿನ ಕೊಂಬಿಗೆ ಕಟ್ಟದೆ, ಸುತ್ತಿ ಸ್ವಲ್ಪ ಸ್ವಲ್ಪವೇ ಜಾರಲು ಬಿಡುತ್ತಾರೆ. ನಮ್ಮ ಕಪಿಲೆ ಬಾವಿಯ ಮಿಣಿ ಹೊಸೆದವರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು.

ನಿಮ್ಮ ಊರಲ್ಲಿ ಜತ್ತಿಗೆ ಹೆಣೆಯುವ ಹಿರಿಯರು ಯಾರಾದರೂ ಉಳಿದಿದ್ದರೆ ತಿಳಿಸಿ. ಮುಂದಿನ ಅಂಕಣ ಅವರದೇ ಆಗಲಿ, ನಾನು ಬರೆದುಕೊಳ್ಳಲು ಬರುತ್ತೇನೆ.

ಇನ್ನು ಚುಟುಕು ಪ್ರಶ್ನೆಗಳು.

ಎಣ್ಣೆ ಹಚ್ಚಬೇಕಾ, ವಾರ್ನಿಶ್ ಹೊಡೆಯಬೇಕಾ? (ನರಗುಂದ) ಎಣ್ಣೆ ಬೇಡ, ಹಸಿತೊಗಲು ಎಣ್ಣೆ ಕುಡಿದು ಬಿಗಿ ಬಿಡುತ್ತದೆ. ಅಲುಗಾಡದ ಗಂಟಿಗೆ, ಅಂದರೆ ಕೋಲಿನ ಹಿಡಿಕೆ, ಚಾಟಿಯ ಹಿಡಿಕೆಗೆ ಫರ್ನಿಚರ್‌ನವರ ಶೆಲ್ಯಾಕ್ ತೆಳುವಾಗಿ ಒಂದು ಕೈ. ಬಾಗುವ ಸಾಮಾನಿಗೆ ಶೆಲ್ಯಾಕ್ ಹಾಕಿದರೆ ಸೀಳುತ್ತದೆ. ಅದಕ್ಕೆ ಕೊಬ್ಬು, ಜೇನುಮೇಣ ಸೇರಿದ ಮುಲಾಮನ್ನು ಬಟ್ಟೆಯಲ್ಲಿ ಸವರಿ ಒರೆಸಿಬಿಡಿ.

ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. (ಕಲಘಟಗಿ) ನಿಮ್ಮದು ಅರೆಮಲೆನಾಡು, ಬರದೇ ಇರುತ್ತದೆಯೇ. ಒಣ ಬಟ್ಟೆಯಲ್ಲಿ ಒರೆಸಿ, ಗಾಳಿ ಆಡುವ ಕಡೆ ನೇತು ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಬಿಸಿಲಿಗೂ ಹಾಕಬೇಡಿ, ಸೆಟೆದು ಸೀಳು ಬಿಡುತ್ತದೆ.

ಇದರಿಂದ ಹೊಟ್ಟೆ ತುಂಬುತ್ತದಾ? (ಗದಗ-ಬೆಟಗೇರಿ) ನಮ್ಮ ಕಡೆ ತುಂಬುವುದಿಲ್ಲ. ಕುದುರೆ ಸಾಮಾನು ಕೊಳ್ಳುವವರು ಬೆರಳೆಣಿಕೆ. ಒಂದು ಒಳ್ಳೆಯ ಗಂಟಿಗೆ ಒಂದು ಸಂಜೆ ಹೋಗುತ್ತದೆ, ಅದರ ಕೂಲಿ ಕೇಳಿದರೆ ಗಿರಾಕಿ ಎದ್ದು ಹೋಗುತ್ತಾರೆ. ಕೀಲಿ ಗೊಂಚಲು, ವಾಕಿಂಗ್ ಸ್ಟಿಕ್ಕು, ಚೂರಿಯ ಹಿಡಿಕೆ ಇವು ಅಷ್ಟಿಷ್ಟು ಹೋಗುತ್ತವೆ. ಕೆಲಸ ಬಿಡಬೇಡಿ.

ಗೌಚೊ ಗಂಟು ಯಾವಾಗ ಕಲಿಸುತ್ತೀರಿ? (ಹಾನಗಲ್) ಅದು ಎರಡರ ಮೇಲೆ, ಎರಡರ ಕೆಳಗೆ ಹಾಯುವ ಗಂಟು. 5 ಎಳೆಯ ಟರ್ಕ್ಸ್ ಹೆಡ್ ಕಣ್ಣು ಮುಚ್ಚಿ ಬಂದವರಿಗೆ ಮುಂದಿನ ತಿಂಗಳು.

ಹಾಕಿಟ್ಟ ಗಂಟನ್ನು ನಾಯಿ ತಿಂದುಬಿಟ್ಟಿದೆ. (ಕುಂದಗೋಳ) ಮುಂಡರಗಿಯವರ ಗೆಳೆಯ ನಾಯಿಯ ತಿಂಡಿಯಲ್ಲಿ ಗಂಟು ಹಾಕಲು ನೋಡುತ್ತಿದ್ದಾನೆ, ನಿಮ್ಮ ನಾಯಿ ಗಂಟನ್ನೇ ತಿಂಡಿ ಮಾಡಿಕೊಂಡಿದೆ. ಎತ್ತರದಲ್ಲಿ ಇಡಿ. ಶೆಲ್ಯಾಕ್ ಹಚ್ಚಿದ್ದರೆ, ಅಥವಾ ದೊಡ್ಡ ತುಂಡು ನುಂಗಿದ್ದರೆ ಪಶು ವೈದ್ಯರಿಗೆ ತೋರಿಸಿ. ಇಲಿಗಳಿಗೂ ಈ ರುಚಿ ಗೊತ್ತು, ಡಬ್ಬಿಗೆ ಗಾಳಿಯಾಡುವ ತೂತು ಇರಲಿ, ಆದರೆ ಸಣ್ಣದು.

ಬಾರಿನ ಮಾದರಿ ಕಳಿಸುವವರು ಪೂರ್ತಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಒದ್ದೆ ಬಾರನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಕಳಿಸಿದವರೊಬ್ಬರಿದ್ದಾರೆ. ಆ ಪಾಕೀಟು ತೆರೆದ ಸಂಪಾದಕರು ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ.